ಬದುವಿನ ನತ್ತಿಂಗ

ಒಣಹುಲ್ಲು ಸುಡುವ ವಾಸನೆ ಬಂದರೆ ಈಗಲೂ ನನಗೆ ಅಬಲೂರಿನ ನಮ್ಮ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಬದುವಿನ ಹುಲ್ಲಿಗೆ ಬೆಂಕಿ ಹಚ್ಚಲು ಹೊರಟಿದ್ದ ಅಪ್ಪನ ಜೊತೆ ನಾನೂ ಅತ್ತೆಯೂ ಹೋಗಿದ್ದೆವು. ಅತ್ತೆ ಅಪ್ಪನ ತಂಗಿ. ಹೆತ್ತ ಕೂಸು ತೀರಿಹೋದ ಮೇಲೆ ತವರಿಗೆ ಬಂದಿದ್ದಳು.

ನಮ್ಮ ಕಾಲ ಬಳಿಯೇ, ತರಗೆಲೆಯ ಬಣ್ಣದ ನತ್ತಿಂಗ ಹಕ್ಕಿಯೊಂದು ಎದ್ದಿತು. ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳುತ್ತ ದೂರ ಸರಿಯಿತು. ನಾನು ಹಿಡಿಯಲು ಓಡಿದೆ.

“ಅದಕ್ಕ ಏನೂ ಆಗಿಲ್ಲ. ನಮ್ಮನ್ನ ಆ ಕಡೆ ಕರಕೊಂಡು ಹೊಂಟೈತಿ,” ಎಂದಳು ಅತ್ತೆ.

ಅದು ಎದ್ದ ಜಾಗದಲ್ಲಿ, ಬರಿನೆಲದ ಮೇಲೆ, ಎರಡು ತತ್ತಿಗಳಿದ್ದವು. ಅತ್ತೆ ಒಂದನ್ನು ಬೆರಳ ತುದಿಯಿಂದ ಮುಟ್ಟಿದಳು.

“ಇನ್ನೂ ಬೆಚ್ಚಗದಾವು. ಈ ಬದು ಬಿಡು ಅಣ್ಣಾ. ಮರಿ ಹೊರಗ ಬರ್ಲಿ.”

“ಹಕ್ಕಿಗೇನವಾ, ಮತ್ತ ತತ್ತಿ ಇಡ್ತೈತಿ,” ಎಂದ ಅಪ್ಪ.

ಅತ್ತೆ ತತ್ತಿಗಳ ಪಕ್ಕದಲ್ಲೇ ಕುಳಿತುಬಿಟ್ಟಳು.

“ನನಗೂ ಹಿಂಗ ಅಂದ್ರಿ ನೀವೆಲ್ಲಾ.”

ಅಪ್ಪ ಅವಳ ಕಡೆ ನೋಡಲಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ಬದುವಿನ ತುದಿಗೆ ಹೋಗಿ ಕಡ್ಡಿ ಗೀರಿದ. ಬೆಂಕಿ ಹತ್ತಿರ ಬಂದಾಗ ನಾನು ಅತ್ತೆಯ ಕೈ ಹಿಡಿದು ಎಬ್ಬಿಸಿದೆ. ಆಚೆ ಆ ಹಕ್ಕಿ ಇನ್ನೂ ನಮ್ಮೆದುರಿಗೇ ಹೊರಳಾಡುತ್ತಿತ್ತು.