ನಮ್ಮ ಮಿಲ್ಲಿನ ಎಣ್ಣೆ

ಹುಳಿಯಾರು ಬಸ್ ಸ್ಟ್ಯಾಂಡಿನಲ್ಲಿ ಕಾರಿನ ಹಿಂಬಾಗಿಲು ಕಿರ್ರೆಂದು ಕಿರುಚಿತು. ನಿಂತಿದ್ದವರೆಲ್ಲ ತಿರುಗಿ ನೋಡಿದರು. ಇಳಿಯುತ್ತಿದ್ದ ಗಂಗಾಧರಯ್ಯನವರಿಗೆ ತಲೆ ತಗ್ಗಿಸುವಂತಾಯಿತು. ಸೀಮೆಗೆಲ್ಲ ಕೊಬ್ಬರಿ ಎಣ್ಣೆ ಮಾರುವ ಮಿಲ್ಲಿನ ಯಜಮಾನರ ಕಾರಿಗೇ ಎಣ್ಣೆಗೆ ಗತಿಯಿಲ್ಲವೇ ಎಂದು ಜನ ಆಡಿಕೊಳ್ಳದೆ ಬಿಡುತ್ತಾರೆಯೇ?

"ಎಣ್ಣೆ ಹಾಕ್ತಿದ್ದೀಯೇನ್ಲಾ?" ಎಂದು ಡ್ರೈವರ್ ಗಿಡ್ಡಯ್ಯನನ್ನು ಕೇಳಿದರು.

"ದಿನಾ ಬೆಳಿಗ್ಗೆ ಹಾಕ್ತೀನಿ ಯಜಮಾನ್ರೇ. ನಮ್ಮ ಮಿಲ್ಲಿಂದೇ."

"ಹಂಗಾದ್ರೆ ಕಮ್ಮಿ ಹಾಕ್ತಿದ್ದೀಯ. ನಮ್ಮನೆ ಕದಗಳ್ನ ನೋಡು. ಇಪ್ಪತ್ತು ವರ್ಷ ಆಯ್ತು, ಒಂದಾದ್ರೂ ಕಿರ್ ಅಂದೈತಾ? ನಮ್ಮೆಣ್ಣೆ ಕಣ್ಲಾ ಅದು. ಭಾನುವಾರ ಅರಸೀಕೆರೆಯಿಂದ ಎಣ್ಣೆ ಕೊಳ್ಳೋರು ಬತ್ತಾರೆ. ಅವರ ಮುಂದೆ ಈ ಬಾಗಿಲು ಬಾಯಿಬಿಡ್ತೋ, ನೀನು ವಾಪಸ್ಸು ಕಾಯಿ ಸುಲಿಯೋಕೆ ಹೋಗು."

ಗಿಡ್ಡಯ್ಯ ಒಂಬತ್ತು ವರ್ಷ ಕಾಯಿ ಸುಲಿದವನು, ಸ್ಟೀರಿಂಗ್ ಹಿಡಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಖಾಕಿ ಅಂಗಿ ತೊಟ್ಟ ಮೇಲೆ ಕೇರಿಯ ಜನ "ಡ್ರೈವರಣ್ಣ" ಎನ್ನತೊಡಗಿದ್ದರು. ಆ ಹೆಸರು ಹೋಗಿಬಿಟ್ಟರೆ ಎಂದು ನೆನೆದು ಅವನಿಗೆ ಎರಡು ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಕಾರಣವೇನೆಂದು ಅವನಿಗೆ ಗೊತ್ತಿತ್ತು. ಮಾಗಿ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಬೋರನಕಣಿವೆ ರಸ್ತೆಯ ಧೂಳು ಅದಕ್ಕೆ ಮೆತ್ತಿಕೊಂಡು ಬಾಗಿಲಿನ ಕೀಲಿನಲ್ಲಿ ಅಂಟಾಗಿ ಕೂರುತ್ತದೆ. ಹಾಕಿದಷ್ಟೂ ಅಂಟು, ಅಂಟಿದಷ್ಟೂ ಕಿರ್ರು. ಆದರೆ ತಪ್ಪು ನಿಮ್ಮ ಎಣ್ಣೆಯದೇ ಎಂದು ಯಜಮಾನರಿಗೆ ಹೇಳಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಶನಿವಾರ ಯಜಮಾನರು ಮಿಲ್ಲಿಗೆ ಹೋದದ್ದನ್ನು ನೋಡಿಕೊಂಡು ಗಿಡ್ಡಯ್ಯ ಅವರ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತ.

"ಅಮ್ಮಾವ್ರೇ, ಒಂದು ಲೋಟ ಸೀಮೆಎಣ್ಣೆ ಬೇಕಾಗಿತ್ತು."

ಯಜಮಾನರ ಹೆಂಡತಿ ಗಿರಿಜಾಂಬಿಕಾ ಯಾಕೆಂದು ಕೇಳಲಿಲ್ಲ. ಸೀಮೆಎಣ್ಣೆಯ ಜೊತೆಗೆ ಒಂದು ಹಳೇ ಬಟ್ಟೆಯನ್ನೂ ತಂದುಕೊಟ್ಟರು. ಗಿಡ್ಡಯ್ಯ ಕೀಲುಗಳ ಅಂಟನ್ನೆಲ್ಲ ತೊಳೆದು ಒರೆಸಿ, ಲಾರಿ ಗ್ಯಾರೇಜಿನಲ್ಲಿ ಬೇಡಿ ತಂದ ಗ್ರೀಸು ಸವರಿದ.

ಭಾನುವಾರ ಅರಸೀಕೆರೆಯವರು ಮನೆ ಮುಂದೆ ಕಾರಿನಿಂದ ಇಳಿಯುವಾಗ ಬಾಗಿಲು ತುಟಿಪಿಟಿಕ್ಕೆನ್ನಲಿಲ್ಲ. ಗಂಗಾಧರಯ್ಯನವರು ಹಿಗ್ಗಿ ಹೀರೇಕಾಯಾದರು.

"ನೋಡಿ ಸ್ವಾಮಿ, ಕಾರಿಗೂ ನಮ್ಮೆಣ್ಣೇನೇ, ಮನೆ ಕದಕ್ಕೂ ನಮ್ಮೆಣ್ಣೇನೇ. ಬೇಕಾದ್ರೆ ನಮ್ಮ ಡ್ರೈವರ್‌ನೇ ಕೇಳಿ."

ಬಂದವರಲ್ಲಿ ಹಿರಿಯರೊಬ್ಬರು ಗಿಡ್ಡಯ್ಯನ ಕಡೆ ತಿರುಗಿದರು. "ನಿಜವೇನಪ್ಪಾ?"

ಗಿಡ್ಡಯ್ಯ ತನ್ನ ಖಾಕಿ ಅಂಗಿಯ ಗುಂಡಿ ಮುಟ್ಟಿಕೊಂಡ. "ಹೌದು ಸ್ವಾಮಿ" ಎಂದ. ಹೇಳಿದ್ದಕ್ಕೆ ನಾಚಿಕೆಯಾಯಿತು. ಕೆಲಸ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

ಬಂದವರು ಒಳಗೆ ಹೋದ ಮೇಲೆ ಲೋಟ ಹಿಂದಿರುಗಿಸಲು ಹಿತ್ತಿಲಿಗೆ ಹೋದ. ಗಿರಿಜಾಂಬಿಕಾ ಕಾಫಿ ಸೋಸುತ್ತಿದ್ದರು. ಒಳಗೆ ಗಂಡ ಕದ ತೆಗೆದು ಮುಚ್ಚಿ ತೋರಿಸುತ್ತಿದ್ದುದು ಕಾಣುತ್ತಿತ್ತು. ಕದ ಸದ್ದಿಲ್ಲದೆ ಆಡುತ್ತಿತ್ತು.

"ಲೋಟ ನೀನೇ ಇಟ್ಕೊಳಪ್ಪ, ಮತ್ತೆ ಬೇಕಾಗುತ್ತೆ" ಎಂದರು ಅವರು. "ಆ ಕದಗಳಿಗೆ ಸೀಮೆಎಣ್ಣೆ ಹಾಕೋಕೆ ನನ್ನ ಹತ್ರ ಬೇರೆ ಲೋಟ ಐತೆ. ಮದುವೆಯಾದ ವರ್ಷದಿಂದ."