ಕೊಳ್ಳುವ ಸುಖ

ಇವತ್ತೂ ಗಿರಾಕಿಯೆದುರು ಬಾಯಿ ಬಿಡದಿದ್ದರೆ ಕೆಲಸ ಹೋದಂತೆಯೇ ಎಂದು ಸೀರೆ ಅಂಗಡಿಯ ಶಾಂಭವಿ ತನಗೆ ತಾನೇ ಹೇಳಿಕೊಂಡಳು. ಬೇಕೆನ್ನುವ ಮೊದಲೇ ಸಾಮಾನು ಮನೆಗೆ ಬಂದು ಬೀಳತೊಡಗಿದ ಮೇಲೆ ಯಾರೂ ಅಂಗಡಿಗೆ ಹೋಗುತ್ತಿರಲಿಲ್ಲ. ಹುಬ್ಬಳ್ಳಿಯ ಈ ಮಾಲ್ ಮಾತ್ರ ಪ್ರವಾಸಿಗರಿಗಾಗಿ ಉಳಿದಿತ್ತು. ಅಂಗಡಿಯವರೊಡನೆ ವಾದಿಸುವ ಸುಖಕ್ಕೆಂದೇ ಅವರು ದೂರದಿಂದ ಬರುತ್ತಿದ್ದರು.

ಚೀನಾದ ಚೆಂಗ್ಡುವಿನಿಂದ ಬಂದಿದ್ದ ಶೂಫೆನ್ ಅಜ್ಜಿ ಗಾದಿಯ ಮೇಲೆ ಕೂತು, ಹಸಿರು ಇಳಕಲ್ ಸೀರೆಯನ್ನು ಹೆಗಲಿಗೇರಿಸಿಕೊಂಡಳು. "ಹೆಂಗ ಕಾಣ್ತೀನಿ ಹೇಳವ್ವಾ?" ಅವಳ ಕಿವಿಯೋಲೆ ಚೀನಿ ಮಾತನ್ನು ಆಯಾ ಊರಿನ ಮಾತಾಗಿಸುತ್ತಿತ್ತು.

"ಭಾಳ ಚೆಂದ ಕಾಣ್ತೀರಿ," ಎಂದಳು ಶಾಂಭವಿ, ವಾದಕ್ಕಿಳಿಯುವ ಧೈರ್ಯ ಸಾಲದೆ.

ಅಜ್ಜಿಯ ಮುಖ ಬಾಡಿತು. "ನಮ್ಮನಿ ಮಾತಾಡೋ ಕನ್ನಡೀನೂ ದಿನಾ ಇದನ್ನ ಹೇಳ್ತದ. ಇದನ್ನ ಕೇಳಾಕ ಇಷ್ಟು ದೂರ ಬರಬೇಕಿತ್ತೇನು?" ಎಂದು ಎದ್ದೇಬಿಟ್ಟಳು. ಗಾಜಿನಾಚೆ ಮೇಲ್ವಿಚಾರಕ ವೀರಭದ್ರಪ್ಪ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಶಾಂಭವಿ ಅಜ್ಜಿಯ ಹೆಗಲ ಮೇಲಿದ್ದ ಸೆರಗು ಹಿಡಿದಳು.

"ಕೂಡ್ರಿ ಅಜ್ಜಿ. ಖರೇ ಹೇಳ್ತೀನಿ, ಈ ಹಸಿರೊಳಗ ನೀವು ಥೇಟ್ ಹಾಗಲಕಾಯಿ ಕಂಡಂಗ ಕಾಣ್ತೀರಿ."

"ಹಿಂಗ ಬಾ ದಾರಿಗೆ," ಎಂದು ಅಜ್ಜಿ ತೋಳೇರಿಸಿ, ನಗುತ್ತ ಮತ್ತೆ ಗಾದಿಯ ಮೇಲೆ ಕೂತಳು.