ದೇಶ ಬಿಡಬಾರದ ನಾಲಿಗೆ

ಪಾಲಪ್ಪನ ನಾಲಿಗೆ ದೇಶದ ಗಡಿ ದಾಟಬಾರದು. ದಿಲ್ಲಿಯಿಂದ ಬಂದ ಆದೇಶ ಇಷ್ಟೇ. ದಾಟಿತೋ, ಇನ್‌ಸ್ಪೆಕ್ಟರ್ ಶಂಭುಲಿಂಗನ ನೌಕರಿಗೆ ಸಂಚಕಾರ.

ಅದು 2006. ಸಂಡೂರಿನ ಅದಿರನ್ನು ಹಡಗುಗಟ್ಟಲೆ ಒಯ್ಯುತ್ತಿದ್ದ ವಿದೇಶಿ ಕಂಪನಿ ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಕಬ್ಬಿಣವಿದ್ದ ಕಲ್ಲನ್ನು ಮೂಸಿಯೂ ನೋಡುತ್ತಿರಲಿಲ್ಲ. ನೂರಕ್ಕೆ ಎಷ್ಟು ಎಂಬುದನ್ನು ಪಾಲಪ್ಪ ಕಲ್ಲು ನೆಕ್ಕಿಯೇ ಹೇಳುತ್ತಿದ್ದ. ಲ್ಯಾಬಿನವರು ಎರಡು ದಿನ ತಿಣುಕಿ ಹೇಳುತ್ತಿದ್ದುದೂ ಅದನ್ನೇ. ಆ ವಿದ್ಯೆಯನ್ನು ಅವನ ತಲೆಯಿಂದ ಬಸಿದು, ಚಿಪ್‌ಗೆ ತುಂಬಿ, ತಮ್ಮ ಸಾವಿರ ಜನರ ಮಿದುಳಿಗೆ ಕೂರಿಸುವುದು ಕಂಪನಿಯ ಹಂಚಿಕೆ. ಆಮೇಲೆ ಯಾವ ದೇಶದ ಗುಡ್ಡದ ಗುಟ್ಟೂ ಉಳಿಯುವುದಿಲ್ಲವೆಂದು ದಿಲ್ಲಿಗೆ ದಿಗಿಲು.

ಹೊಸಪೇಟೆಯ ಹೋಟೆಲಿನಲ್ಲಿ ಕಂಪನಿ ನಡೆಸಿದ ಪರೀಕ್ಷೆಯನ್ನು ಶಂಭುಲಿಂಗ ಕಣ್ಣಾರೆ ನೋಡಿದ. ಪಾಲಪ್ಪನ ತಲೆಗೆ ಮೂವತ್ತು ತಂತಿ. ಇಪ್ಪತ್ತು ವರ್ಷ ಗಣಿಯಲ್ಲಿ ಅದಿರು ಆರಿಸಿದ್ದ ಅವನ ಹೆಂಡತಿ ಎರ್ರಮ್ಮ ಕಲ್ಲು ತೊಳೆದು ಗಂಡನ ಕೈಗಿಟ್ಟಳು. ಅವನು ನೆಕ್ಕಿ, ಕಣ್ಣು ಮುಚ್ಚಿ ಕೂತ.

"ಹೇಳಪ್ಪಾ," ಎಂದ ಶಂಭುಲಿಂಗ.

"ಚಾ ಬರ್ಲಿ ತಡ್ರಿ ಸಾಹೇಬ್ರ. ಚಾ ಇಲ್ದ ನನ್ ನಾಲಿಗಿ ಏಳಂಗಿಲ್ಲ."

ಎರ್ರಮ್ಮ ಚಹಾ ತಂದಳು. ಲೋಟದಲ್ಲಿ ಚಮಚ ಕಿಣಿ, ಕಿಣಿ, ಕಿಣಿ ಎಂದಿತು. ಪಾಲಪ್ಪ ಒಂದು ಗುಟುಕು ಹೀರಿದ. "ಅರವತ್ಮೂರು."

ಸರಿಯಾಗಿತ್ತು. ಆದರೆ ಮೂರು ದಿನ ಹುಡುಕಿದರೂ ಯಂತ್ರಕ್ಕೆ ಆ ತಲೆಯಲ್ಲಿ ಏನೂ ಸಿಗಲಿಲ್ಲ. ನಮ್ಮವರ ತಲೆ ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟೀತೇ ಎಂದು ಶಂಭುಲಿಂಗ ಬೀಗಿದ. ಇನ್ನು ಆಳನ್ನೇ ವಿದೇಶಕ್ಕೆ ಒಯ್ದಾರೆಂದು ನಾಲ್ಕನೆಯ ದಿನ ಪಾಲಪ್ಪನನ್ನು ಅತಿಥಿಗೃಹದಲ್ಲಿ ಕೂಡಿಹಾಕಿದ.

ಕಂಪನಿಯವರು ಜಗಳಕ್ಕೇ ಬರಲಿಲ್ಲ. ಚಹಾ ಮಾಡುವ ಹೆಂಗಸನ್ನಾದರೂ ಕಳಿಸಿ, ಆ ರುಚಿಗೆ ಒಗ್ಗಿಹೋಗಿದ್ದೇವೆ ಎಂದರು.

ಪಾಲಪ್ಪ ಕಾಲಿಗೆ ಬಿದ್ದ. "ಆಕಿನ್ನ ಮಾತ್ರ ಬಿಡಬ್ಯಾಡ್ರಿ ಸಾಹೇಬ್ರ! ಬೇಕಾದ್ರ ನನ್ನ ಕಳಸ್ರಿ!"

ಎಂಥ ಪ್ರೀತಿ ಎಂದು ಶಂಭುಲಿಂಗ ಮರುಗಿದ. ಆದರೆ ಚಹಾಕ್ಕೆ ಯಾವ ಆದೇಶದ ಅಡ್ಡಿ? ಎರ್ರಮ್ಮನ ಚೀಲವನ್ನು ತಾನೇ ಹೊತ್ತು ಕಾರಿಗಿಟ್ಟ.

"ನನ್ನ ಕೇಳ್ಕೊಂಡು ಬಂದವ್ರು ಇವ್ರ ಮೊದಲ್ರಿ," ಎಂದು ಆಕೆ ನಕ್ಕಳು.

ಮರುದಿನ ವಿಮಾನ ಹಾರಿತು. 'ನಾಲಿಗೆ ಸುರಕ್ಷಿತ' ಎಂದು ದಿಲ್ಲಿಗೆ ತಿಳಿಸಿದ ಶಂಭುಲಿಂಗ, ಖುಷಿಯಲ್ಲಿ ಪಾಲಪ್ಪನಿಗೆ ತಾನೇ ಚಹಾ ಬಗ್ಗಿಸಿ ಸಕ್ಕರೆ ಡಬ್ಬಿ ತೆರೆದ.

"ಸಕ್ರಿ ಬ್ಯಾಡ್ರಿ," ಪಾಲಪ್ಪ ಲೋಟ ಮುಚ್ಚಿ ಹಿಡಿದ. "ಸಕ್ರಿ ಕಾಯಿಲೆ. ಹತ್ತು ವರ್ಷಾತು, ನನ್ ಚಾಕ್ಕ ಆಕಿ ಒಂದು ಹಳ್ಳು ಸಕ್ರಿ ಹಾಕಿಲ್ಲ."

ಹಾಗಾದರೆ ಆಕೆ ಚಮಚ ಆಡಿಸಿದ್ದೇಕೆ? ಶಂಭುಲಿಂಗನ ಕಿವಿಯಲ್ಲಿ ಮತ್ತೆ ಕಿಣಿ, ಕಿಣಿ, ಕಿಣಿ ಎಂದಿತು: ಅರವತ್ತು, ಅದರ ಮೇಲೆ ಮೂರು.